ಹಾವಿನ ಕೋಣೆಯ ಬೀಗ ಜಗ್ಗಿದ್ದು

ಬೀಗ ಹಾಕಿದ ಮೇಲೆ ಅದನ್ನು ಜಗ್ಗಿ ನೋಡುವವರು, ಜಗ್ಗದೆ ಹೋಗುವವರು ಎಂದು ಮನುಷ್ಯರಲ್ಲಿ ಎರಡು ಪಂಗಡ. ನಾನು ಎರಡನೆಯದರ ಆಜೀವ ಸದಸ್ಯ. ಕಾರಿನಿಂದ ಇಳಿದು, ತಿರುಗಿಯೂ ನೋಡದೆ, ಭುಜದ ಮೇಲಿಂದ ರಿಮೋಟ್ ಒತ್ತಿ ನಡೆದುಬಿಡುವುದು ನನ್ನ ಗತ್ತು. ಒಮ್ಮೆ ಹೀಗೆ ಗತ್ತಿನಿಂದ ತರಕಾರಿ ತರಲು ಹೋಗಿ ಬರುವಷ್ಟರಲ್ಲಿ ಮಳೆ ಬಂದು ನಿಂತಿತ್ತು. ಕಾರಿನ ಬಾಗಿಲುಗಳೆಲ್ಲ ಭದ್ರವಾಗಿ ಲಾಕ್ ಆಗಿದ್ದವು. ಕಿಟಕಿಗಳು ಮಾತ್ರ ಪೂರ್ತಿ ಇಳಿದಿದ್ದವು. ಆ ವಾರ ಸೀಟಿನ ಮೇಲೆ ಕೊತ್ತಂಬರಿ ಬಿತ್ತಿದ್ದರೆ ಮನೆಗೆ ಸಾಕಾಗುವಷ್ಟು ಬೆಳೆಯುತ್ತಿತ್ತು.

ನನ್ನ ಅಮ್ಮ ಮೊದಲನೆಯ ಪಂಗಡದ ಅಧ್ಯಕ್ಷೆ. ಮೈಸೂರಿನಲ್ಲಿ ಮನೆಗೆ ಬೀಗ ಹಾಕಿ, ಜಗ್ಗಿ, ಆಟೋ ಹತ್ತಿ, ಮತ್ತೆ ಇಳಿದು ಹೋಗಿ ಜಗ್ಗಿ ಬರುತ್ತಾಳೆ. ನಮ್ಮ ಬೀದಿಯ ಆಟೋದವರು ಅವಳು ಎರಡನೇ ಸಲ ಹತ್ತುವವರೆಗೆ ಎಂಜಿನ್ ಸ್ಟಾರ್ಟ್ ಮಾಡುವುದೇ ಇಲ್ಲ. ಸ್ವಂತ ಬೀಗವಾದರೆ ಸರಿ. ಅವಳು ಬೀಗರ ಮನೆಯ ಬೀಗವನ್ನೂ ಜಗ್ಗಿ ನೋಡಿ, ಮದುವೆಯಾದ ಹೊಸದರಲ್ಲೇ ಅಕ್ಕನಿಗೆ ತಲೆ ತಗ್ಗಿಸುವಂತೆ ಮಾಡಿದವಳು.

ಈಗ ಅಕ್ಕ ಇರುವುದು ಶಾರ್ಲೆಟ್‌ನಿಂದ ಸ್ವಲ್ಪ ದೂರದ ಸಣ್ಣ ಊರಿನಲ್ಲಿ. ಭಾವನಿಗೆ ವಾರವಿಡೀ ಅಟ್ಲಾಂಟಾದಲ್ಲಿ ಕೆಲಸ. ಅಂಬೆಗಾಲಿಡಲು ಶುರುಮಾಡಿದ ಮಗಳು ಪುಟ್ಟಿಯನ್ನು ನೋಡಿಕೊಳ್ಳಲು ಅಕ್ಕನಿಗೆ ಸಹಾಯವಾಗಲೆಂದು, ಮನೆಯಿಂದಲೇ ಕೆಲಸ ಮಾಡುವ ನಾನು ಅಲ್ಲಿಗೆ ಬಂದು ಸೇರಿದೆ. ಅಂದಿನಿಂದ ಅಕ್ಕನಿಗೆ ನೋಡಿಕೊಳ್ಳಲು ಇಬ್ಬರಾದರು. ಅದನ್ನು ಸರಿಮಾಡಲು ಅಮ್ಮ ಬಂದಳು.

ಪಕ್ಕದ ಮನೆಯಲ್ಲಿ ಡೇಲ್ ಎಂಬ ನಿವೃತ್ತ ವಿಜ್ಞಾನ ಮೇಷ್ಟ್ರು. ಅವರ ಜೊತೆ ಪೆನ್ನಿ. ಪೆನ್ನಿ ಎಂದರೆ ನಾಗರಹಾವು. ಡೇಲ್ ಜೊತೆ ಕಾಫಿ ಕುಡಿಯುವ ಸ್ನೇಹವಿದ್ದ ನನಗೆ ಇದು ಗೊತ್ತಿತ್ತು. ನಾನು ಹಾವುಗಳ ನಾಡಿನವನೆಂದು ಅವರ ಮುಂದೆ ಎದೆಯುಬ್ಬಿಸಿದ್ದೂ ಉಂಟು. ಹಿತ್ತಲಿನಲ್ಲಿ ನೀರಿನ ಪೈಪು ಅಲುಗಿದ್ದಕ್ಕೆ ತುಳಸಿಕಟ್ಟೆ ಹತ್ತಿ ನಿಂತವನು ನಾನು ಎಂಬ ವಿವರವನ್ನು ಮಾತ್ರ ಹೇಳಿರಲಿಲ್ಲ. ಅದೇ ಹುಮ್ಮಸ್ಸಿನಲ್ಲಿ ಒಂದು ದಿನ ಊಟಕ್ಕೆ ಕೂತಾಗ ಅಕ್ಕನ ಮುಂದೆ ಪೆನ್ನಿಯ ಗುಣಗಾನ ಮಾಡಿಬಿಟ್ಟೆ. ಅಕ್ಕನ ಕೈಯ ತುತ್ತು ಅರ್ಧದಲ್ಲಿ ನಿಂತಿತು.

"ಪಕ್ಕದ್ಮನೇಲಿ ನಾಗರಹಾವಿದೆ ಅಂತ ನಿಂಗೊತ್ತಿತ್ತು. ನಂಗೆ ಹೇಳ್ಲಿಲ್ಲ."

"ನೀನು ಕೇಳ್ಲೇ ಇಲ್ವಲ್ಲ."

"ಪಕ್ಕದ್ಮನೇಲಿ ಹಾವಿದ್ಯಾ ಅಂತ ಯಾರಾದ್ರೂ ಕೇಳ್ತಾರೇನೋ? ಸಂಡೇ ಅಸೋಸಿಯೇಶನ್ ಮೀಟಿಂಗ್ ಇದೆ. ಕಂಪ್ಲೇಂಟ್ ಮಾಡ್ತೀನಿ."

ಅಕ್ಕನ ಮಾತು ತಪ್ಪಲ್ಲ. ಗೋಡೆಯ ಆಚೆಗೆ ತೆವಳುವವಳೊಬ್ಬಳು, ಈಚೆಗೆ ತೆವಳುವವಳೊಬ್ಬಳು. ಇಲ್ಲಿ ವಿಷದ ಹಾವು ಸಾಕಲು ಕಾನೂನಿನ ಅಡ್ಡಿಯಿಲ್ಲ, ಭದ್ರವಾಗಿ ಬೀಗ ಹಾಕಿಟ್ಟರೆ ಆಯಿತು. ಆದರೆ ಬಡಾವಣೆಯ ಸಂಘ ಬೇಡವೆಂದರೆ ಪೆನ್ನಿ ಹೋಗಲೇಬೇಕು. ಮರಿಯಿಂದ ಸಾಕಿದ ಜೀವ. ನಾನು ಈ ಸುದ್ದಿ ಹೇಳಿದಾಗ ಡೇಲ್ ತಮ್ಮ ಕಾಫಿ ಕಪ್ಪನ್ನು ಕೆಳಗಿಟ್ಟರು. ಆಮೇಲೆ, ದೂರು ಕೊಡುವ ಮೊದಲು ಒಮ್ಮೆ ಬಂದು ನೋಡಲು ನಿನ್ನ ಅಕ್ಕನಿಗೆ ಹೇಳು ಎಂದರು.

ಹಾವಿನ ವಿಷಯದಲ್ಲಿ ನಮ್ಮ ಹಿರಿಯರು ಎರಡೇ ವ್ಯವಸ್ಥೆ ಮಾಡಿದ್ದರೆಂದು ನನ್ನ ಸಂಶೋಧನೆ. ಒಂದು ಹಾಲು, ಇನ್ನೊಂದು ಕೋಲು. ಹುತ್ತಕ್ಕೆ ತನಿ ಎರೆದು ಕೈ ಮುಗಿದವರೇ, ಅದರೊಳಗಿನದು ಅಡುಗೆಮನೆಗೆ ಬಂದರೆ ಕೋಲು ಹುಡುಕುತ್ತಾರೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಗಾದೆ ಕಟ್ಟಿದ ಜಾಣರಿಗೆ ಹಾವೂ ಬದುಕಿ, ಕೋಲೂ ಉಳಿದು, ಮನೆಯವರೂ ನಿದ್ದೆ ಮಾಡಬಹುದಾದ ಮೂರನೆಯ ದಾರಿ ಹೊಳೆದಿರಲಿಲ್ಲ. ಅದನ್ನು ನೋಡಲು ನಾವು ಶನಿವಾರ ಬೆಳಿಗ್ಗೆ, ಪುಟ್ಟಿಯನ್ನು ಊರಿಗೆ ಬಂದಿದ್ದ ಭಾವನಿಗೆ ಒಪ್ಪಿಸಿ, ಪಕ್ಕದ ಮನೆಗೆ ಹೋದೆವು.

ಕೋಣೆಯ ಬಾಗಿಲಿಗೊಂದು ಬೀಗ. ಒಳಗೆ ಪೆನ್ನಿಯ ಗಾಜಿನ ಪೆಟ್ಟಿಗೆಗೆ ಇನ್ನೊಂದು. ಬಾಗಿಲಿನ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ, ಗಾಳಿ ಬರುವ ಕಿಂಡಿಗೆ ಸಣ್ಣ ಕಣ್ಣಿನ ಜಾಲರಿ. ಕೋಣೆಯಲ್ಲಿ ಮಂಚ, ಸೋಫಾ ಏನೂ ಇಲ್ಲ. ಹೊರಗೆ ಬಂದರೂ ಅಡಗಲು ಜಾಗ ಇರಬಾರದಂತೆ. ಪೆಟ್ಟಿಗೆಯ ಮೇಲೆ ಕೆಂಪಕ್ಷರದಲ್ಲಿ ಹಾವಿನ ಜಾತಿ, ಗೋಡೆಯ ಮೇಲೆ ಆಸ್ಪತ್ರೆಯ ನಂಬರು, ಕಚ್ಚಿದರೆ ಬೇಕಾದ ಔಷಧಿಯ ಹೆಸರು. ಹಾವು ಸಾಕುವ ಇನ್ನೊಬ್ಬ ಗೆಳೆಯ ಪಕ್ಕದಲ್ಲಿ ನಿಲ್ಲದೆ ಡೇಲ್ ಆ ಪೆಟ್ಟಿಗೆಯನ್ನು ತೆರೆಯುವುದಿಲ್ಲ. ನನ್ನನ್ನು ಆ ಕೆಲಸಕ್ಕೆ ಯಾಕೆ ಕರೆಯಲಿಲ್ಲ ಎಂದು ನಾನು ಯಾವತ್ತೂ ಕೇಳಿಲ್ಲ. ಅವರು ನಿಜ ಹೇಳಿಬಿಡುವ ಮನುಷ್ಯ.

ಅಮ್ಮ ಚಪ್ಪಲಿ ಹೊರಗೆ ಬಿಟ್ಟು ಬಂದು ಪೆನ್ನಿಗೆ ಕೈ ಮುಗಿದಳು. "ನಮ್ಮನೆ ಉಪ್ಪಿನಕಾಯಿ ಜಾಡಿಗೂ ಇಷ್ಟು ನೀಟಾಗಿ ಹೆಸರು ಬರ್ದಿಲ್ಲ ಕಣೇ," ಎಂದಳು ಅಕ್ಕನಿಗೆ. ಮುಗಿದ ಕೈಯನ್ನು ಹಾಗೇ ಮುಂದೆ ಚಾಚಿ ಪೆಟ್ಟಿಗೆಯ ಬೀಗ ಹಿಡಿದು ಜಗ್ಗಿದಳು.

"ಅಮ್ಮಾ, ಬೇರೆಯವರ ಮನೆ," ಎಂದಳು ಅಕ್ಕ.

ಅಷ್ಟರಲ್ಲಿ ನಾನು ಹಜಾರದಲ್ಲಿದ್ದೆ.

ಬೀಗ ಅಲುಗಲಿಲ್ಲ. ಪೆನ್ನಿಯೂ ಅಲುಗಲಿಲ್ಲ. ಡೇಲ್ ನಕ್ಕರು. ಎಲ್ಲರೂ ಹೊರಗೆ ಬಂದ ಮೇಲೆ ಕೋಣೆಯ ಬಾಗಿಲಿಗೆ ಬೀಗ ಹಾಕಿದರು. ಅಮ್ಮ ಅದನ್ನೂ ಜಗ್ಗಿದಳು. ಬೀಗ ಗಟ್ಟಿಯಾಗಿತ್ತು, ಆದರೆ ಅದು ನೇತಾಡುತ್ತಿದ್ದ ಚಿಲಕದ ಪಟ್ಟಿ ಬಾಗಿಲಿನಿಂದ ಒಂದು ಬೆರಳು ತೂರುವಷ್ಟು ಎದ್ದು ಬಂತು. ಸ್ಕ್ರೂ ಸಡಿಲವಾಗಿದ್ದವು.

"ಬೀಗ ಸರಿಯಾಗಿದೆ, ಚಿಲಕ ಬರ್ತಾ ಇದೆ ಅಂತ ಮೇಷ್ಟ್ರಿಗೆ ಹೇಳೋ," ಎಂದಳು ಅಮ್ಮ.

ಅಮ್ಮನಿಗೆ ನಿಮ್ಮ ಮನೆ ತುಂಬ ಇಷ್ಟವಾಯಿತಂತೆ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಆದರೆ ಚಿಲಕಕ್ಕೆ ಅನುವಾದ ಬೇಕಿರಲಿಲ್ಲ. ಡೇಲ್ ಅವರ ಮುಖ ಕೆಂಪಾಯಿತು. ಒಳಗಿನ ಬೀಗ ಭದ್ರವಾಗಿದೆಯಲ್ಲ, ಅಷ್ಟು ಸಾಲದೇ ಎಂದು ಅವರು ಹೇಳಬಹುದಿತ್ತು. ನಾನಾಗಿದ್ದರೆ ಅದನ್ನೇ ಹೇಳಿ, ಜೊತೆಗೆ ಹವಾಮಾನದ ಮೇಲೂ ಸ್ವಲ್ಪ ತಪ್ಪು ಹೊರಿಸುತ್ತಿದ್ದೆ. ಡೇಲ್ ತಾವೂ ಒಮ್ಮೆ ಜಗ್ಗಿ ನೋಡಿದರು. ಗ್ಯಾರೇಜಿನಿಂದ ಉದ್ದನೆಯ ಸ್ಕ್ರೂ ತಂದು ಬಿಗಿದು, ಪಕ್ಕಕ್ಕೆ ಸರಿದು ನಿಂತು, ಅಮ್ಮನಿಗೆ ಕೈ ತೋರಿಸಿದರು. ಅಮ್ಮ ಒಂದು ಕಾಲನ್ನು ಗೋಡೆಗೆ ಒತ್ತಿ ಜಗ್ಗಿದಳು. ಬರಲಿಲ್ಲ.

ಭಾನುವಾರ ಸಂಘದ ಸಭೆಯಲ್ಲಿ ಡೇಲ್ ಮೊದಲು ಎದ್ದು, ಯಾರೂ ಕೇಳದಿದ್ದರೂ ಆ ಸಡಿಲ ಚಿಲಕದ ಕಥೆ ಹೇಳಿದರು. ಆಮೇಲೆ ಅಕ್ಕ ಎದ್ದಳು. ನಾನು ಕಣ್ಣು ಮುಚ್ಚಿಕೊಂಡೆ. ಅಕ್ಕ ಹೇಳಿದ್ದು ಇಷ್ಟೇ: ಹಾವು ಇರಲಿ, ಅಕ್ಕಪಕ್ಕದವರು ಯಾವ ಶನಿವಾರ ಬೇಕಾದರೂ ಹೋಗಿ ಬೀಗ ಜಗ್ಗಿ ನೋಡಬಹುದು ಎಂದಾಗಲಿ. ಡೇಲ್ ಕೂಡಲೇ ಒಪ್ಪಿದರು. ಸ್ವಲ್ಪ ಗೊಣಗಿ ಸಂಘವೂ ಒಪ್ಪಿತು.

ಮನೆಗೆ ನಡೆದು ಬರುವಾಗ ಯಾಕೆ ಮನಸ್ಸು ಬದಲಾಯಿಸಿದೆ ಎಂದು ಅಕ್ಕನನ್ನು ಕೇಳಿದೆ.

"ಎಲ್ಲಾ ಸರಿ ಇದೆ ಅಂತ ಯಾರ್ ಬೇಕಾದ್ರೂ ಹೇಳ್ತಾರೆ ಕಣೋ. ನೀನೂ ಹೇಳ್ತೀಯ. ಜಗ್ಗಿ ನೋಡಿ ಅಂತ ಪಕ್ಕಕ್ಕೆ ನಿಲ್ತಾರಲ್ಲ, ಅವ್ರ ಪಕ್ಕದಲ್ಲಿ ಮಗು ಇಟ್ಕೊಂಡು ಇರ್ಬಹುದು."

ಮುಂದಿನ ಶನಿವಾರ ನಾವು ಹೋಗುವ ಮೊದಲೇ ಡೇಲ್ ನಮ್ಮ ಮನೆಗೆ ಬಂದರು. ನಿಮ್ಮದನ್ನೂ ನಾನು ನೋಡಬಹುದೇ ಎಂದರು. ಅಕ್ಕ ಔಷಧಿ ಡಬ್ಬ, ಚಾಕುವಿನ ಡ್ರಾಯರ್, ಹಿಂಬಾಗಿಲು ತೋರಿಸಿದಳು. ಎಲ್ಲ ಭದ್ರ. ಕೊನೆಗೆ, ಪುಟ್ಟಿ ಬೀಳದಿರಲೆಂದು ಮಹಡಿ ಮೆಟ್ಟಿಲಿನ ತಲೆಗೆ ನಾನು ಕೂರಿಸಿದ್ದ ಮಕ್ಕಳ ಗೇಟನ್ನು ಡೇಲ್ ಹಿಡಿದು ಮೆಲ್ಲಗೆ ಜಗ್ಗಿದರು. ಗೇಟು ಪೂರ್ತಿಯಾಗಿ ಅವರ ಕೈಗೆ ಬಂತು. ಎಲ್ಲರೂ ನನ್ನ ಕಡೆ ತಿರುಗಿದರು. ಹಾವನ್ನೂ ಇಷ್ಟು ಜನ ಹೀಗೆ ನೋಡಿರಲಿಲ್ಲ.

"ಹಾವನ್ನ ಬೇಕಾದ್ರೆ ಹೊರಗೆ ಬಿಡಿ," ಎಂದಳು ಅಮ್ಮ, "ಇವನನ್ನ ಪೆಟ್ಟಿಗೇಲಿಡಿ."

ಡೇಲ್ ಹೇಳಿಕೊಟ್ಟ ಹಾಗೆ ಮಂಡಿಯೂರಿ ಕೂತು ಸ್ಕ್ರೂಗಳನ್ನೆಲ್ಲ ಬಿಗಿದೆ. ಬಿಗಿದು, ಜೀವಮಾನದಲ್ಲಿ ಮೊದಲ ಸಲ, ಜಗ್ಗಿ ನೋಡಿದೆ. ಅಷ್ಟರಲ್ಲಿ ಪುಟ್ಟಿ ಆ ಬದಿಯಿಂದ ತೆವಳುತ್ತ ಬಂದು, ಎರಡೂ ಕೈಯಲ್ಲಿ ಗೇಟಿನ ಸರಳು ಹಿಡಿದು ತನ್ನ ಭಾರವನ್ನೆಲ್ಲ ಅದರ ಮೇಲೆ ಹಾಕಿದಳು. ನನ್ನ ಕೈಕೆಲಸವೊಂದು ಕೊನೆಗೂ ನಿಂತಿತು. ಅದನ್ನು ಹಿಡಿದುಕೊಂಡು ಪುಟ್ಟಿಯೂ ಎದ್ದು ನಿಂತಳು.