ನಾಲ್ಕು ಬೆರಳು ಬಟ್ಟೆ ಒಳಗಿರಲಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮಕ್ಕಳ ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆಗೆ ಅಂಟಿಕೊಂಡ ಪುಟ್ಟ ಹೊಲಿಗೆ ಕೋಣೆಯಲ್ಲಿ ಟ್ಯೂಬ್‌ಲೈಟು ಕಣ್ಣು ಮಿಟುಕಿಸಿ ಹೊತ್ತಿಕೊಳ್ಳುತ್ತದೆ. ಟೈಲರಕ್ಕ ಮಿಷನ್ನಿಗೆ ಎರಡು ಹನಿ ಎಣ್ಣೆ ಬಿಟ್ಟು, ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ತಲೆ ಓರೆ ಮಾಡಿ ಸದ್ದು ಕೇಳುತ್ತಾರೆ. “ಇವತ್ತು ಇದರ ಮೂಡು ಚೆನ್ನಾಗಿದೆ” ಎನ್ನುತ್ತಾರೆ. ನೆಟ್ಟಗಿಲ್ಲದ್ದು ಅವರ ಮೂಡೇ. ಸೂಜಿಗೆ ದಾರ ಪೋಣಿಸುತ್ತಲೇ ಮತ್ತೆ ಮತ್ತೆ ಬಾಗಿಲ ಕಡೆ ನೋಡುತ್ತಾರೆ. ಇವತ್ತು ರೇಡಿಯೋ ಬರಬೇಕು.

ರೇಡಿಯೋ ಎಂದರೆ ಮೂರನೇ ವಾರ್ಡಿನಲ್ಲಿ ತಿಂಗಳುಗಟ್ಟಲೆ ಮಲಗಿದ್ದ ಏಳು ವರ್ಷದ ಹುಡುಗಿ. ಬಾಯಿಗೆ ಥರ್ಮಾಮೀಟರ್ ಇಟ್ಟರೂ ಮಾತು ನಿಲ್ಲಿಸದವಳು, ಅದಕ್ಕೇ ಆ ಹೆಸರು. ಮನೆಗೆ ಹೋಗಿ ಅರ್ಧ ವರ್ಷವಾಯಿತು. ಇವತ್ತು ತಪಾಸಣೆಗೆ ಕರೆತರಬೇಕು. ಬರುತ್ತಾಳೋ, ಹೇಗಿದ್ದಾಳೋ ಎಂದು ಟೈಲರಕ್ಕನಿಗೆ ಜೀವ ಕೈಯಲ್ಲಿ ಹಿಡಿದುಕೊಂಡ ಹಾಗಾಗಿದೆ.

ದೊಡ್ಡ ಡಾಕ್ಟರಿಂದ ಹಿಡಿದು ಮೂರು ವರ್ಷದ ಪೋರನವರೆಗೆ ಎಲ್ಲರಿಗೂ ಅವರು ಟೈಲರಕ್ಕ. ಹರಿದ ಚಾದರಕ್ಕೆ ತೇಪೆ, ದಿಂಬಿಗೆ ಕವರು, ಪರದೆಗೆ ಅಂಚು, ಎಲ್ಲ ಅವರದೇ. ಆದರೆ ಅವರ ನಿಜವಾದ ಕೆಲಸ ಬಹುದಿನ ಇರುವ ಮಕ್ಕಳಿಗೆ ಹೊಲಿಯುವ ಹಸಿರು ನಿಲುವಂಗಿ. ಬೆನ್ನಿಗೆ ಲಾಡಿ, ಸೂಜಿ ಚುಚ್ಚಿದ ಕೈ ಸಲೀಸಾಗಿ ತೂರಲೆಂದು ಅಗಲ ತೋಳು. ಮಗುವಿಗೊಂದು ಅಂಗಿ. ಮನೆಗೆ ಹೋಗುವಾಗ ಜೊತೆಗೇ ಕೊಟ್ಟು ಕಳಿಸುತ್ತಾರೆ, ಮತ್ತೆ ಬರುವಾಗ ಅದನ್ನೇ ತೊಡಿಸಿ ತರಬೇಕು.

ಇದಕ್ಕೂ ಮೊದಲು ಟೈಲರಕ್ಕ ದೊಡ್ಡದೊಂದು ಬಟ್ಟೆ ಕಾರ್ಖಾನೆಯಲ್ಲಿದ್ದರು. “ವರ್ಷಗಟ್ಟಲೆ ಬರೀ ಎಡತೋಳು ಹೊಲಿದೆ ನೋಡಿ. ಪೂರ್ತಿ ಅಂಗಿ ಹೇಗಿರುತ್ತೆ ಅಂತ ನೋಡಬೇಕಾದ್ರೆ ಬಸ್ಸಲ್ಲಿ ಮುಂದೆ ಕೂತವರ ಬೆನ್ನು ನೋಡ್ತಿದ್ದೆ” ಎಂದು ನಗುತ್ತಾರೆ. ಕಾರ್ಖಾನೆ ಬಾಗಿಲು ಹಾಕಿದಾಗ ಗಂಡ ಹೆಂಡತಿ ಇಬ್ಬರಿಗೂ ದಿಕ್ಕು ತೋಚಲಿಲ್ಲ. ಅವರಿವರ ಮನೆ ಪರದೆ ಹೊಲಿಯುತ್ತ ಕಾಲ ತಳ್ಳಿದರು. ಕೊನೆಗೆ ಸಿಕ್ಕಿದ್ದು ಈ ಕಿಟಕಿಯಿಲ್ಲದ ಕೋಣೆ.

ಬಂದ ಮೊದಲ ವಾರವೇ ಮನೆಯ ರೂಢಿಯಂತೆ ಪ್ರತಿ ಅಂಗಿಯ ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಒಳಗೆ ಮಡಚಿ, ಸುಲಭವಾಗಿ ಬಿಚ್ಚಲು ಬರುವ ಹಾಗೆ ಕಚ್ಚಾ ಹೊಲಿಗೆ ಹಾಕಿಬಿಟ್ಟರು. ಮಗು ಉದ್ದವಾದರೆ ಮಡಿಕೆ ಬಿಚ್ಚಿದರಾಯಿತು. ಉಗ್ರಾಣದ ಯಜಮಾನರು ಹಾರಿಬಿದ್ದರು. “ಅಳತೆಗೆ ಹೊಲೀರಿ ಅಂದ್ರೆ ಅಳತೆಗೆ ಹೊಲೀಬೇಕು. ನಾಳೆ ಗೀಳೆ ಎಲ್ಲ ನನಗೆ ಸಂಬಂಧ ಇಲ್ಲ. ಬಟ್ಟೆ ದಂಡ!”

“ಸ್ವಾಮಿ, ಅಳತೆಗೆ ಹೊಲಿಯೋದು ದೊಡ್ಡವರಿಗೆ. ಮಕ್ಕಳ ಬಟ್ಟೆ ಬೆಳೆಯೋ ಬಟ್ಟೆ” ಎಂದರಂತೆ ಟೈಲರಕ್ಕ. ಯಜಮಾನರು ಇಂದಿಗೂ ಗೊಣಗುತ್ತಾರೆ. ಆದರೆ ಅವರು ಕತ್ತರಿಸಿ ಕೊಡುವ ಬಟ್ಟೆ ಯಾಕೋ ಯಾವಾಗಲೂ ಒಂದು ಗೇಣು ಹೆಚ್ಚೇ ಇರುತ್ತದೆ.

ಈ ಚಾಳಿ ಮನೆಯಲ್ಲೂ ಬಿಟ್ಟಿಲ್ಲ. “ನನ್ನ ಪ್ಯಾಂಟಿಗೂ ನಾಲ್ಕು ಬೆರಳು ಬಿಡ್ತಾಳೆ ರೀ, ಈ ವಯಸ್ಸಲ್ಲಿ ನಾನೆಲ್ಲಿ ಬೆಳೀಲಿ?” ಎಂದು ಗಂಡ ರೇಗಿಸುತ್ತಾರೆ. “ಉದ್ದ ಬೆಳೀದಿದ್ರೆ ಏನಾಯ್ತು, ಅಡ್ಡ ಬೆಳೀತಿದ್ದೀರಲ್ಲ!” ಎನ್ನುವುದು ಹೆಂಡತಿಯ ಉತ್ತರ.

ಉಜ್ಜಿಸಿಕೊಂಡು, ಬಿಸಿಲಿಗೆ ಒಣಗಿ ಒಣಗಿ ಅಂಗಿಯ ಹಸಿರು ಮಾಸುತ್ತದೆ. ಮಡಿಕೆ ಬಿಚ್ಚಿದಾಗ ಒಳಗಿದ್ದ ಬಟ್ಟೆ ಮಾತ್ರ ಹೊಚ್ಚಹೊಸದಾಗಿ, ಕಡುಹಸಿರು ಪಟ್ಟಿಯಾಗಿ ಹೊರಗೆ ಬರುತ್ತದೆ. ಬೇರೆ ಟೈಲರಾದರೆ ಇದನ್ನು ಮುಚ್ಚಲು ನೋಡುತ್ತಿದ್ದರು. ಇಲ್ಲಿ ಮಕ್ಕಳಿಗೆ ಅದೇ ಜಂಬ. “ನಂಗೆ ಪಟ್ಟಿ ಬಂತು!” ಎಂದು ಮಂಚದಿಂದ ಮಂಚಕ್ಕೆ ಮೆರವಣಿಗೆ.

ಎಲ್ಲರಿಗೂ ಪಟ್ಟಿ ಬರುವುದಿಲ್ಲ. ಕೆಲವು ಅಂಗಿಗಳು ಮಡಿಕೆ ಬಿಚ್ಚದೆ, ಒಗೆದು ಮಡಚಿ, ಯಾರದೋ ಕೈಯಲ್ಲಿ ವಾಪಸ್ಸು ಬರುತ್ತವೆ. ಯಾಕೆಂದು ಯಾರೂ ಹೇಳಬೇಕಿಲ್ಲ. ಅವನ್ನು ಒರೆಸುವ ಬಟ್ಟೆ ಮಾಡಿ ಎನ್ನುತ್ತದೆ ಆಸ್ಪತ್ರೆ. ಟೈಲರಕ್ಕ ಬಾಗಿಲು ಹಾಕಿಕೊಂಡು ಆ ಕಚ್ಚಾ ಹೊಲಿಗೆಯನ್ನು ತಾವೇ ಬಿಚ್ಚಿ, ಇಸ್ತ್ರಿ ಮಾಡಿ, ಉದ್ದವಾದ ಅಂಗಿಯನ್ನು ಇನ್ನೊಂದು ಮಗುವಿಗೆ ಎತ್ತಿಡುತ್ತಾರೆ. “ಮಗು ಬೆಳೀಲಿಲ್ಲ. ಬಟ್ಟೆಯಾದ್ರೂ ಬೆಳೀಲಿ” ಎನ್ನುತ್ತಾರೆ.

ರೇಡಿಯೋಗೆ ಅಳತೆ ತೆಗೆಯುವ ದಿನ ಅವಳ ಅಮ್ಮ ಮೆಲ್ಲಗೆ ಹೇಳಿದ್ದಳು: “ಅಕ್ಕಾ, ಮಡಿಕೆ ಬಿಡಬೇಡಿ. ಸರಿಯಾಗಿ ಹೊಲಿದುಬಿಡಿ, ಸಾಕು.” ಆಯ್ತು ಎಂದ ಟೈಲರಕ್ಕನ ಕೈ ಕೇಳಬೇಕಲ್ಲ! ಎಂದಿನಂತೆ ನಾಲ್ಕು ಬೆರಳು ಒಳಗೆ ಮಡಚಿಯೇ ಬಿಟ್ಟಿತು. ಅಂಗಿ ಒಗೆಯುವಾಗ ಅಮ್ಮನ ಬೆರಳಿಗೆ ಆ ದಪ್ಪ ಅಂಚು ಸಿಕ್ಕಿತು. ನೀರು ತೊಟ್ಟಿಕ್ಕುವ ಅಂಗಿ ಹಿಡಿದು ನೇರ ಈ ಕೋಣೆಗೆ ಬಂದಳು. “ಬೇಡ ಅಂತ ಹೇಳಿರಲಿಲ್ವಾ? ದಿನಾ ಮನಸ್ಸು ಗಟ್ಟಿ ಮಾಡ್ಕೊಂಡು ಕೂತಿದ್ದೀನಿ. ನೀವು ಆಸೆ ಹುಟ್ಟಿಸಿ ಯಾಕೆ ಸಾಯಿಸ್ತೀರಿ? ಕತ್ತರಿಸಿ ಅದನ್ನ!”

“ತಪ್ಪಾಯ್ತು ತಾಯಿ” ಎಂದ ಟೈಲರಕ್ಕ ಕತ್ತರಿ ಎತ್ತಿಕೊಂಡರು, ಅಂಚಿನವರೆಗೆ ತಂದು ನಿಲ್ಲಿಸಿದರು. “ನನ್ನ ಕೈಲಿ ಆಗಲ್ಲ. ನೀನೇ ಕತ್ತರಿಸು” ಎಂದು ಕತ್ತರಿಯನ್ನು ಅವಳ ಮುಂದಿಟ್ಟರು. ಅವಳು ಕತ್ತರಿ ಹಿಡಿದಳು, ಅಂಚು ಹಿಡಿದಳು, ಹಾಗೇ ನಿಂತಳು. ಆಮೇಲೆ ಚಿಂದಿ ಬಟ್ಟೆಯ ರಾಶಿಯ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಟೈಲರಕ್ಕನೂ ಅತ್ತರು. ಅಂಗಿಯನ್ನು ಹಾಗೇ ತೆಗೆದುಕೊಂಡು ಹೋದವಳು ಮತ್ತೆ ಈ ಬಾಗಿಲಿಗೆ ಬರಲಿಲ್ಲ. ಸ್ವಲ್ಪ ದಿನಕ್ಕೆ ಮಗುವನ್ನು ಮನೆಗೆ ಕಳಿಸಿದರು.

“ನನಗೇನು ಆಸೆ ಅಂತೀರಾ?” ಟೈಲರಕ್ಕ ಸೀಮೆಸುಣ್ಣದಿಂದ ಬಟ್ಟೆಗೆ ಗೆರೆ ಎಳೆಯುತ್ತ ಹೇಳುತ್ತಾರೆ. “ಅಂಗಿ ಗಿಡ್ಡ ಆಯ್ತು ಅಂತ ಎಲ್ಲರೂ ಬಂದು ಜಗಳ ಆಡಲಿ. ಬೈಸಿಕೊಳ್ಳೋಕೆ ನಾನು ರೆಡಿ.”

ಬಿಸಿಲು ಒಗೆದ ಬಟ್ಟೆಗಳ ಮೇಲೆ ಬೀಳುವ ಹೊತ್ತಿಗೆ ಕಾರಿಡಾರಿನ ಆ ತುದಿಯಿಂದ ದನಿ ಕೇಳಿಸುತ್ತದೆ. ಬಸ್ಸಿನಲ್ಲಿ ಯಾರು ವಾಂತಿ ಮಾಡಿದರು, ಯಾರ ಚಪ್ಪಲಿ ಕಳೆಯಿತು, ಎಲ್ಲ ವಿವರವಾಗಿ. ಟೈಲರಕ್ಕ ಕೂತಲ್ಲೇ ಕಣ್ಣು ಮುಚ್ಚುತ್ತಾರೆ. ಬಾಗಿಲಲ್ಲಿ ಸಣಕಲು ಹುಡುಗಿ, ಹಿಂದೆ ಅವಳ ಅಮ್ಮ. ಹಸಿರು ಅಂಗಿ ಮೊಣಕಾಲಿಗಿಂತ ಮೇಲೇರಿದೆ.

“ಡಾಕ್ಟರು ಏನಂದ್ರು?”

“ಕಾಯಿಲೆ ಇದ್ದ ಹಾಗೇ ಇದೆ ಅಂದ್ರು. ಇನ್ನೊಂದು ಸುತ್ತು ಔಷಧಿ ಕೊಡಬೇಕಂತೆ” ಎನ್ನುತ್ತಾಳೆ ಅಮ್ಮ. ನೆಲ ನೋಡುತ್ತಾಳೆ. ಆಮೇಲೆ, “ಅಕ್ಕಾ, ಅಂಗಿ ಗಿಡ್ಡ ಆಗಿದೆ. ನಾನೇ ಬಿಚ್ಚಬಹುದಿತ್ತು. ನೀವೇ ಬಿಚ್ಚಲಿ ಅಂತ ತಂದೆ.”

ಟೈಲರಕ್ಕ ದಾರ ಎಳೆಯುತ್ತಾರೆ. ಕಡುಹಸಿರು ಪಟ್ಟಿ ಹೊರಗೆ ಬೀಳುತ್ತದೆ. “ಅಮ್ಮಾ, ನಂಗೂ ಪಟ್ಟಿ ಬಂತು!” ಎಂದು ರೇಡಿಯೋ ವಾರ್ಡಿನ ಕಡೆ ಓಡುತ್ತಾಳೆ. ಈ ಅಂಗಿಯಲ್ಲಿ ಬಿಚ್ಚಲು ಮಡಿಕೆ ಉಳಿದಿಲ್ಲ, ಮುಂದಿನ ಸುತ್ತಿಗೆ ಹೊಸದೊಂದು ಅಂಗಿ ಹೊಲಿಯಬೇಕು. ಟೈಲರಕ್ಕ ಮೇಜಿನ ಮೇಲೆ ಬಟ್ಟೆ ಹರಡಿ, ಅಂಚಿನಲ್ಲಿ ಬೆರಳಿಟ್ಟು, ಕೇಳಲೋ ಬೇಡವೋ ಎಂದು ಅಮ್ಮನ ಮುಖ ನೋಡುತ್ತಾರೆ.

ಅಮ್ಮ ತನ್ನ ಕೈಯನ್ನೇ ಅಲ್ಲಿಟ್ಟು, ಹೆಬ್ಬೆರಳನ್ನೂ ಸೇರಿಸುತ್ತಾಳೆ. “ಐದು ಬಿಡಿ.”

“ಐದು ಬಿಟ್ರೆ ಅಂಚು ದಪ್ಪ ಆಗುತ್ತಮ್ಮ, ನಡೆಯುವಾಗ ಕಾಲಿಗೆ ತಾಗುತ್ತೆ.”

“ತಾಗಲಿ ಬಿಡಿ ಅಕ್ಕಾ.”