ದೆವ್ವ ಬರಿಗೈಲಿ ಬಂದೀತೇ?

ನಾನು ಪಿರಿಯಾಪಟ್ಟಣದ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದದ್ದು ತೊಂಬತ್ತರ ದಶಕದಲ್ಲಿ. ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಲು ನನಗೆ ಬರುತ್ತಿರಲಿಲ್ಲ. ನಾನು ಕಟ್ಟಿದ ಎಲೆಗಳು ಸೊಪ್ಪು ಬೇಯಿಸುವ ಬ್ಯಾರನ್ ಸೇರುವ ಮೊದಲೇ ಉದುರುತ್ತಿದ್ದವು. ಕೂಲಿಯ ಹೆಂಗಸರು ಹಾಡು ಕೇಳುತ್ತಾ ಸೊಪ್ಪು ಕಟ್ಟುವ ಚಪ್ಪರದ ಟೇಪ್‌ರೆಕಾರ್ಡರ್ ಬೇರೆ ಕೆಟ್ಟಿತ್ತು. "ಓದ್ಕಂಡವ್ಳಲ್ವಾ, ನೀನು ಕತೆ ಓದು, ನಾವು ಕಟ್ತೀವಿ" ಎಂದು ಅತ್ತೆ ನನ್ನನ್ನು ಕಲ್ಲಿನ ಮೇಲೆ ಕೂರಿಸಿದರು.

ಹುಣಸೂರಿನ ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಕಾದಂಬರಿಯ ರಟ್ಟಿನ ಮೇಲೆ ತಲೆಬುರುಡೆ ಇತ್ತು. ಕಥೆ ನಡೆಯುವುದು ಹುಚ್ಚಾಸ್ಪತ್ರೆಯಲ್ಲಿ ಎಂದು ಎರಡನೇ ಪುಟದಲ್ಲಿ ಗೊತ್ತಾಯಿತು. ಅತ್ತೆಯ ತಂಗಿ ಅಂಥದ್ದೇ ಆಸ್ಪತ್ರೆಯಲ್ಲಿದ್ದರು. ಸೇರಿಸಿ ಬಂದ ಮೇಲೆ ಮನೆಯವರು ಯಾರೂ ನೋಡಲು ಹೋಗಿರಲಿಲ್ಲ. ಆ ಮಾತು ಎತ್ತಬೇಡ ಎಂದು ನಮ್ಮ ಯಜಮಾನರು ಮೊದಲೇ ಎಚ್ಚರಿಸಿದ್ದರು. ಪುಸ್ತಕ ಮುಚ್ಚಿದೆ. ಕೂಲಿಯ ಹೆಂಗಸರು ಬಿಡಬೇಕಲ್ಲ. ಕೊನೆಗೆ ಅತ್ತೆಯೇ ತಲೆ ಎತ್ತದೆ "ಓದು" ಎಂದರು.

ಓದಿದೆ. ಕಂಬಿಯ ಹಿಂದೆ ಒಂಟಿ ಹುಡುಗಿ, ಊಳಿಡುವ ನಾಯಿ, ಹತ್ತಿರ ಹತ್ತಿರ ಬರುವ ಹೆಜ್ಜೆಯ ಸಪ್ಪಳ. ದನಿ ನಡುಗಿಸಿಯೇ ಓದಿದೆ. ಯಾರೂ ಹೆದರಲಿಲ್ಲ.

"ಯಾರೋ ನೋಡಕ್ ಬಂದವ್ರೆ ಬುಡು" ಎಂದಳು ಒಬ್ಬಳು ಸಮಾಧಾನದಿಂದ.

"ಅಲ್ಲ, ಅದು ದೆವ್ವ" ಎಂದೆ.

"ದೆವ್ವನೇ ಆಗ್ಲಿ. ಒಬ್ರಾದ್ರೂ ಬಂದ್ರಲ್ಲ."

ಪಕ್ಕದ ಮುದುಕಿಗೆ ಬೇರೆಯದೇ ಚಿಂತೆ. "ಕೈಲಿ ಏನಾರ ತಂದದಾ? ಆಸ್ಪತ್ರೆಗೆ ಬರಿಗೈಲಿ ಬತ್ತಾರಾ?"

ಸರಿ, ದೆವ್ವ ಏನು ತರಬೇಕೆಂದು ಜಗಳವೇ ಆಯಿತು. ಒಬ್ಬಳು ಬನ್ನು ಎಂದಳು, ಇನ್ನೊಬ್ಬಳು ಮೂಸಂಬಿ. ಪಾಪ, ಬರೆದವನು ಅಷ್ಟು ಕಷ್ಟಪಟ್ಟು ಸಾಕಿದ ದೆವ್ವ ಚೀಲ ಹಿಡಿದ ನೆಂಟನಾಗಿಬಿಟ್ಟಿತು. ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ಮಾತ್ರ ನಗಲಿಲ್ಲ. ಅವರ ಕೈಯ ದಾರ ಕೈಯಲ್ಲೇ ನಿಂತಿತ್ತು.

"ನನ್ ತಂಗಿಗೆ ಉಳ್ಳಿಕಾಳ್ ಬಸ್ಸಾರು ಅಂದ್ರೆ ಪ್ರಾಣ" ಎಂದರು. ಅತ್ತೆಯ ಬಾಯಲ್ಲಿ ತಂಗಿಯ ಮಾತು ನಾನು ಕೇಳಿದ್ದು ಅದೇ ಮೊದಲು.

ಮಾರನೆಯ ಬೆಳಿಗ್ಗೆ ಅತ್ತೆ ಸಾರಿನ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಟರು. ಸೊಪ್ಪು ಬಾಡುತ್ತದೆ ಎಂದು ಮಾವ ಗೊಣಗಿದರು. "ಬಾಡ್ಲಿ" ಎಂದು ಬಸ್ಸು ಹತ್ತಿದರು.

ವಾಪಸು ಬಂದಾಗ ಹೆಂಗಸರು ಕಡ್ಡಿ ಬಿಟ್ಟು ಸುತ್ತ ಸೇರಿದರು. "ಅಲ್ಲಿ ದೆವ್ವ ಇತ್ತಾ ಅಕ್ಕ?"

ಅತ್ತೆ ಖಾಲಿ ಡಬ್ಬಿಯನ್ನು ನನ್ನ ಕೈಗಿಟ್ಟರು.

"ನನ್ನೇ ದೆವ್ವ ಅನ್ಕಂಡ್ಳು ಕಣೆ. ಆಮ್ಯಾಕೆ ಮುಟ್ಟಿ ನೋಡಿ, ಸಾರಿಗೆ ಉಪ್ಪು ಕಮ್ಮಿ ಅಂದ್ಲು."