ಬಾಯಾರ ಹಿತ್ತಲ ಶಾಲೆ

ಮೊನ್ನೆ ಮೊಮ್ಮಗನ ಹೆಂಡತಿ ಹಂಚಿನ ಮೇಲೆ ರೊಟ್ಟಿ ಹಾಕಿ, ಫೋನಿನಲ್ಲಿ ಮಾತಾಡುತ್ತ ಮರೆತುಬಿಟ್ಟಳು. ಜೋಳದ ಹಿಟ್ಟು ಸೀದ ವಾಸನೆ ಪಡಸಾಲೆಯವರೆಗೆ ಬಂತು. ಅವಳು ಓಡಿಹೋಗಿ ಒಲೆ ಆರಿಸಿ, “ಆಯಿ, ಕಿಡಕಿ ತಗೀಲೇನು?” ಎಂದು ಕೇಳಿದಳು. “ಬ್ಯಾಡ, ಇರಲಿ ಬಿಡು” ಅಂದೆ. ಆ ವಾಸನೆ ಮೂಗಿಗೆ ಬಡಿದ ಕೂಡಲೇ ನಾನು ಯಳವತ್ತಿಯ ಈ ಮನೆಯಲ್ಲಿ ಇರಲೇ ಇಲ್ಲ. ಮುಂಡರಗಿಯಲ್ಲಿ, ನಮ್ಮ ಹೆಡ್ ಮಾಸ್ತರ ಮನೆಯ ಹಿತ್ತಲಲ್ಲಿ, ಮೂರು ಕಲ್ಲಿನ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೆ...

ನಾನು ದೇಶಕ್ಕೆ ಸ್ವಾತಂತ್ರ್ಯ ಬಂದ ವರುಷ ಹುಟ್ಟಿದವಳು. ಅಪ್ಪ ಹಿರೇವಡ್ಡಟ್ಟಿಯ ಹೊಲವನ್ನು ಅಣ್ಣತಮ್ಮಂದಿರಿಗೆ ಬಿಟ್ಟು ಮುಂಡರಗಿಗೆ ಬಂದು ಬಾಡಿಗೆ ಚಕ್ಕಡಿ ಹೊಡೆಯುತ್ತಿದ್ದ. ಮಗಳು ನಾಲ್ಕು ಅಕ್ಷರ ಕಲಿಯಲಿ ಎಂದು ಶಾಲೆಗೆ ಹಾಕಿದ. ಆ ಅಕ್ಷರವೇ ನನಗೆ ಹತ್ತಲಿಲ್ಲ. ಬಾಯಿಲೆಕ್ಕ ಎಲ್ಲರಿಗಿಂತ ಮೊದಲು ಹೇಳುತ್ತಿದ್ದೆ. ಕತೆ ಒಮ್ಮೆ ಕೇಳಿದರೆ ಹಾಗೇ ತಿರುಗಿ ಹೇಳುತ್ತಿದ್ದೆ. ಪುಸ್ತಕ ಕೈಗೆ ಕೊಟ್ಟರೆ ಮುಗೀತು. ವ ಯಾವುದು, ಮ ಯಾವುದು, ಎಷ್ಟು ನೋಡಿದರೂ ಗೊತ್ತಾಗುತ್ತಿರಲಿಲ್ಲ. ಒಂದು ದಿನ “ದಾರಿಯ ಬದಿಗೆ ದೊಡ್ಡ ಮರ ಇತ್ತು” ಎನ್ನುವುದನ್ನು “ದೊಡ್ಡ ವರ ಇತ್ತು” ಎಂದು ಓದಿದೆ. ನಮ್ಮ ಇಯತ್ತೆಯ ಮಕ್ಕಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಡ್ ಮಾಸ್ತರು ನಗಲಿಲ್ಲ. ಛಡಿ ತಗೊಂಡರು.

ಅವರು ಕೆಟ್ಟ ಮನುಷ್ಯರಾಗಿರಲಿಲ್ಲ. ಶಾಲೆಯ ಹೆಸರೇ ಅವರಿಗೆ ಜೀವ. ಅದು ಕನ್ನಡ ಸೀಮೆಯೆಲ್ಲ ಒಂದಾದ ವರುಷ. ನಿನ್ನೆಯವರೆಗೆ ಮುಂಬೈ ಸರಕಾರದ್ದಾಗಿದ್ದ ನಮ್ಮ ಶಾಲೆ ಈಗ ಮೈಸೂರಿನದಾಗಿತ್ತು. ಹೊಸ ಇನ್ಸಪೆಕ್ಟರ ಸಾಹೇಬರು ತಪಾಸಣೆಗೆ ಬರುತ್ತಾರೆ ಎಂಬ ಖಬರು ಬಂದದ್ದೇ ತಡ, ಹೆಡ್ ಮಾಸ್ತರು ಓದು, ಲೆಕ್ಕ ಬಾರದವರ ಹೆಸರು ಹಾಜರಿಯಿಂದ ಕಡಿದರು. ನನ್ನದು ಹೋಯಿತು. ಸಿಂಪಿಗರ ಮನೆಯ ಒಬ್ಬ ಹುಡುಗಿಯದು ಹೋಯಿತು. ಅವರ ಸ್ವಂತ ಮಗನದೂ ಹೋಯಿತು.

ಆ ಹುಡುಗ ನನಗಿಂತ ಒಂದು ವರುಷಕ್ಕೆ ದೊಡ್ಡವನು. ಅವನಿಗೆ ಎಲ್ಲವೂ ಸಾವಕಾಶ. ನಡೆಯುವುದು, ನಗುವುದು, ಮಾತಾಡುವುದು. ಒಂದು ಮಾತು ಶುರು ಮಾಡಿದರೆ ನಡುವೆ ನಿಂತುಬಿಡುತ್ತಿದ್ದ. ಅಷ್ಟರಲ್ಲಿ ಯಾರಾದರೂ ಅದನ್ನು ಮುಗಿಸಿ ಮುಂದೆ ಹೋಗಿರುತ್ತಿದ್ದರು. ಹೆಸರು ಕಡಿದ ದಿನ ಪಾಟಿಚೀಲ ಹಿಡಿದು ಅವನು ನಡುಮಧ್ಯಾಹ್ನ ಮನೆಗೆ ಬಂದು ಬಾಗಿಲಲ್ಲಿ ಕೂತನಂತೆ. ಅವತ್ತು ಗಂಡಹೆಂಡಿರ ನಡುವೆ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ... ಮರುದಿನ ಹೆಡ್ ಮಾಸ್ತರ ಹೆಂಡತಿ ನಮ್ಮ ಮನೆಗೆ ಬಂದರು.

ಊರಲ್ಲಿ ಎಲ್ಲರೂ ಅವರನ್ನು ಬಾಯಾರು ಅಂತಿದ್ದರು. ಗುಡಿಯ ಪೂಜೆ ಮಾಡಿಕೊಂಡು ಬಂದ ಮನೆತನದ ಸೊಸೆ. ನಮ್ಮಂಥವರ ಓಣಿಗೆ ಎಂದೂ ಕಾಲಿಟ್ಟವರಲ್ಲ. ಅವ್ವ ಕಸಬರಿಗೆ ಬಿಟ್ಟು ಗಾಬರಿಯಿಂದ ಎದ್ದುನಿಂತಳು.

“ನಿಮ್ಮ ಮಗಳನ್ನ ನನ್ನ ಕಡೆ ಕಳಸ್ರಿ. ನಾ ಕಲಸ್ತೇನಿ.”

“ಅಕಿಗೆ ಅಕ್ಷರ ಹತ್ತೂದಿಲ್ರಿ ಬಾಯಾರ. ಮಾಸ್ತರ ಹೇಳ್ಯಾರ. ಕರ ಕಾಯಾಕ ಹಚ್ಚೇನಿ.”

“ಮಾಸ್ತರು ಹೇಳಿದ್ದು ನನಗೂ ಗೊತ್ತದರಿ. ಅವರ ಮನಿಯಿಂದನ ಬಂದೇನಿ” ಅಂದರು ಬಾಯಾರು. “ಒಂದ ದಾರೀಲೆ ಹತ್ತದಿದ್ರ ಇನ್ನೊಂದು ದಾರೀಲೆ ಹತ್ತಸೋಣು. ನಾಳೆ ಕಳಸ್ರಿ.”

ಅದು ಕೇಳಿಕೊಂಡ ಹಾಗೆ ಇರಲಿಲ್ಲ, ಅಪ್ಪಣೆಯ ಹಾಗಿತ್ತು. ಅವ್ವ ಕಳಿಸಿದಳು. ಸಿಂಪಿಗರ ಹುಡುಗಿಯೂ ಬಂದಳು.

ಮಡಿಯ ಅಡಿಗೆಮನೆಗೆ ನಮ್ಮನ್ನು ಬಿಡಲು ಅವರ ಅತ್ತೆ ಒಪ್ಪಲಿಲ್ಲ. ಬಾಯಾರು ವಾದ ಮಾಡಲಿಲ್ಲ. ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಬೇರೆ ಒಲೆ ಹೊತ್ತಿಸಿದರು. ಬಿಸಿನೀರು ಹಾಕಿ ಜೋಳದ ಹಿಟ್ಟು ನಾದಿ ನಮ್ಮ ಮುಂದಿಟ್ಟರು. ಹಿಟ್ಟನ್ನು ಹುರಿಯ ಹಾಗೆ ಹೊಸೆದು, ತಿರುವಿ, ಅಕ್ಷರ ಮಾಡುವುದು. ಅದನ್ನು ಹಂಚಿನ ಮೇಲೆ ಸುಡುವುದು. ನನಗೆ ಮ ಮಾಡಲು ಹೇಳಿದರು. ಮಾಡಿದೆ. ಅರ್ಧ ಸೀದಿತ್ತು.

“ಬಲಕ್ಕ ಬಾಲ ಅದಲ್ಲ, ಅದನ್ನ ಮುರದು ತಿನ್ನು.”

ಮುರಿದು ತಿಂದೆ.

“ಏನುಳೀತು?”

ಕೈಯಲ್ಲಿದ್ದುದನ್ನು ನೋಡಿದೆ. ವ! ಕಣ್ಣಿಗೆ ಎಷ್ಟೋ ತಿಂಗಳಿಂದ ಸಿಕ್ಕದ್ದು ಬೆರಳಿಗೆ ಸಿಕ್ಕಿಬಿಟ್ಟಿತ್ತು. ನಾನು ಕೂಗಿದ ಕೂಗಿಗೆ ಬೇಲಿಯ ಮೇಲಿನ ಗುಬ್ಬಿಗಳು ಹಾರಿಹೋದವು. ಬಾಯಾರು ನಗುತ್ತ, “ಇನ್ನ ಅದನ್ನೂ ತಿನ್ನು” ಅಂದರು.

ಸಿಂಪಿಗರ ಹುಡುಗಿಗೆ ಲೆಕ್ಕದ್ದು ತೊಂದರೆ. ಅವಳಿಗೆ ಹುಣಸೆಬೀಜ ಕೊಟ್ಟು ಕೂಡಿಸಲು ಕಳೆಯಲು ಹಚ್ಚುತ್ತಿದ್ದರು. ಮಗನಿಗೆ ಅಕ್ಷರ ಹೆಚ್ಚು ಬರಲಿಲ್ಲ, ಸುಳ್ಳು ಯಾಕೆ ಹೇಳಲಿ. ಅವನಿಗೆ ಬಾಯಾರು ಕಲಿಸಿದ್ದು ಒಂದೇ: ಹೇಳಲು ಶುರು ಮಾಡಿದ್ದನ್ನು ಪೂರಾ ಹೇಳುವುದು. ನಮಗೂ ತಾಕೀತು ಮಾಡಿದ್ದರು, ಅವನ ಮಾತನ್ನು ಯಾರೂ ಮುಗಿಸಬಾರದು. ಅವನು “ಬಾವಿ...” ಎಂದರೆ ನಾವು ಬಾಯಿ ಮುಚ್ಚಿ ಕಾಯಬೇಕು. ಒಲೆಯ ಉರಿ ಇಳಿದರೂ ಸರಿ. ಕಡೆಗೆ ಅವನು “ಬಾವ್ಯಾಗ ನೀರು ಮ್ಯಾಲ ಬಂದದ” ಎಂದು ಮುಗಿಸಿ ನಮ್ಮೆಲ್ಲರ ಮುಖ ನೋಡುತ್ತಿದ್ದ, ಏನೋ ಗೆದ್ದವನ ಹಾಗೆ. ಗೆದ್ದೇ ಇದ್ದ.

ಹೆಡ್ ಮಾಸ್ತರು ಮುಂದಿನ ಕಟ್ಟೆಯ ಮೇಲೆ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂಡುವ ಶಾಣ್ಯಾ ಹುಡುಗರಿಗೆ ಪಾಠ ಹೇಳುತ್ತಿದ್ದರು. ಹಿಂದಿನ ಬಾಗಿಲಿಗೆ ಬರುತ್ತಿರಲಿಲ್ಲ. ಒಂದು ಸಂಜೆ ಮಾತ್ರ ಬಂದು ಹೊಸ್ತಿಲಲ್ಲಿ ನಿಂತು ಮಗನ ಕಡೆ ಕೈ ಮಾಡಿದರು.

“ಊರೆಲ್ಲ ನಗಲಿಕ್ಕೆ ಹತ್ತೇದ. ಹೆಡ್ ಮಾಸ್ತರು ಹೊರಗ ಹಾಕಿದವರಿಗೆ ಅವನ ಹೆಂಡತಿ ಸಾಲಿ ತಗದಾಳಂತ! ಇಷ್ಟು ದಿವಸ ಆತು, ಏನು ಕಲಿತ ಇಂವ? ತೋರಸು ನೋಡೋಣ.”

ಬಾಯಾರು ಹಿಟ್ಟಿನ ಕೈ ಒರೆಸಿಕೊಳ್ಳಲೂ ಇಲ್ಲ.

“ತೋರಸ್ಲಿಕ್ಕೆ ಅಂತ ನಾ ಕಲಸ್ಲಿಕ್ಕೆ ಹತ್ತಿಲ್ಲ” ಅಂದರು. “ಎಲ್ಲಾರೂ ಒಂದಾದ್ರು ಅಂತ ಊರಾಗ ಸಕ್ಕರಿ ಹಂಚಿದ್ರಲ್ಲ ನೀವು, ಈ ಕೂಸುಗಳು ಯಾವ ಲೆಕ್ಕದಾಗ ಬರ್ತಾವ?”

ಹೆಡ್ ಮಾಸ್ತರು ಒಳಗೆ ಹೋದರು.

ತಪಾಸಣೆಯ ದಿನ ಸಾಹೇಬರ ಊಟ ಹೆಡ್ ಮಾಸ್ತರ ಮನೆಯಲ್ಲೇ. ಎಂದಿನಂತೆ ನಾವು ಬಂದಾಗ ಬಾಯಾರು ಹೋಳಿಗೆಯ ಗಡಿಬಿಡಿಯಲ್ಲಿದ್ದರು. ಹಿಂದಿನ ಬಾಗಿಲಿಗೆ ಬಂದು, “ನಿಮ್ಮನ್ನ ಇವತ್ತ ಬರಗೊಡಬ್ಯಾಡ ಅಂದಾರ ಮಾಸ್ತರು. ಮಗನನ್ನೂ ಸೊರಟೂರಿಗೆ ಅವನ ಅಕ್ಕನ ಮನಿಗೆ ಕಳಸು ಅಂದಾರ” ಅಂದರು. ನಾವು ತಿರುಗಿ ಹೊರಡಬೇಕೆನ್ನುವಷ್ಟರಲ್ಲಿ, “ಎಲ್ಲಿಗೆ? ಕುಂಡ್ರಿ” ಅಂದರು.

ಬಾಗಿಲು ಅರ್ಧ ತೆರೆದಿತ್ತು. ಒಳಗಿನ ಮಾತೆಲ್ಲ ಕೇಳುತ್ತಿತ್ತು. ಸಾಹೇಬರು ಊಟ ಮಾಡುತ್ತ ಮಾಸ್ತರಿಗೆ ಮಕ್ಕಳೆಷ್ಟು ಎಂದು ಕೇಳಿದರು.

“ಒಬ್ಬಾಕಿ ಮಗಳ್ರಿ. ಸೊರಟೂರಿಗೆ ಕೊಟ್ಟೇವಿ.”

ಬಡಿಸುತ್ತಿದ್ದ ಸೌಟಿನ ಸಪ್ಪಳ ನಿಂತಿತು. ನನ್ನ ಪಕ್ಕ ಕೂತಿದ್ದ ಹುಡುಗ ತಲೆ ಎತ್ತಿದ. ಅವನಿಗೆ ತಿಳಿಯುವುದಿಲ್ಲ ಅಂತ ಎಲ್ಲರೂ ಅಂದುಕೊಂಡಿದ್ದರು... ತಿಳಿಯುತ್ತಿತ್ತು.

“ಒಬ್ಬ ಮಗಾನೂ ಇದ್ದಾನ್ರಿ ಸಾಹೇಬ್ರ” ಅಂದಿತು ಬಾಯಾರ ದನಿ. “ಹಿತ್ತಲದಾಗ ಕೂತಾನ.”

“ಹೌದೇನು? ಯಾವ ಇಯತ್ತೆ?”

“ಯಾವ ಇಯತ್ತೆನೂ ಇಲ್ರಿ. ನೀವು ಬರ್ತೀರಂತ ಹೆಸರು ಕಡದಾರ.”

ಸಾಹೇಬರು ಊಟ ಮುಗಿಸಿ ಎದ್ದ ಸಪ್ಪಳ ಕೇಳಿತು.

ಕೈತೊಳೆಯುವುದು ಹಿತ್ತಲಲ್ಲೇ. ಸಾಹೇಬರು ಬಂದರು, ಹಿಂದೆ ಹೆಡ್ ಮಾಸ್ತರು, ಮುಖ ಕಪ್ಪಿಟ್ಟಿತ್ತು. ಸಾಹೇಬರು ನಮ್ಮನ್ನು ನೋಡಿ, ಎಡಗೈ ಹಾಕಿ ಕಿಸೆಯಿಂದ ಏಕೀಕರಣದ ಸಮಾರಂಭದ ಕರಪತ್ರ ತೆಗೆದು ನನ್ನ ಕೈಗೆ ಕೊಟ್ಟರು. ನಾನು ಬೆರಳಿಟ್ಟೆ. ಸ... ಮುಂದಿನದಕ್ಕೆ ಬಾಲ ಇದೆಯೋ ಇಲ್ಲವೋ ನೋಡಿದೆ. ಇತ್ತು. ಸ-ಮಾ-ರಂ-ಭ.

“ಭಾಳ ಸಾವಕಾಶ ಓದತಾಳಲ್ಲ” ಅಂದರು ಸಾಹೇಬರು.

“ಹೌದ್ರಿ. ಆದ್ರ ಓದತಾಳ” ಅಂದರು ಬಾಯಾರು.

ಸಾಹೇಬರು ಕೈತೊಳೆಯುತ್ತ ಹುಡುಗನ ಹೆಸರು ಕೇಳಿದರು. ಅವನು ಎದ್ದುನಿಂತ. ತುಟಿ ಅಲುಗಿತು, ಮೊದಲ ಅಕ್ಷರ ಬಂತು, ನಿಂತಿತು. ಸಾಹೇಬರು ಮೆಲ್ಲಗೆ ಅವನ ಬೆನ್ನು ತಟ್ಟಿ, “ಇರ್ಲಿ, ಇರ್ಲಿ” ಎಂದು ಒಳಗೆ ತಿರುಗಿದರು.

“ತಡೀರಿ ಸಾಹೇಬ್ರ” ಅಂದರು ಬಾಯಾರು. “ಅವನ ಮಾತು ಇನ್ನೂ ಮುಗದಿಲ್ಲ.”

ದನಿ ಏರಿರಲಿಲ್ಲ. ಆದರೆ ಸಾಹೇಬರು ನಿಂತರು. ಅವರ ಒದ್ದೆ ಕೈಯಿಂದ ನೀರು ಕಲ್ಲಿನ ಮೇಲೆ ತೊಟ್ಟಿಕ್ಕುತ್ತಿತ್ತು. ನಾವೆಲ್ಲ ಕಾದೆವು. ಹುಡುಗ ತನ್ನ ಹೆಸರು ಹೇಳಿದ. ಮತ್ತೆ ನಿಂತ. ಅಪ್ಪನ ಹೆಸರು ಹೇಳಿದ. ಮನೆತನದ ಅಡ್ಡಹೆಸರೂ ಹೇಳಿ ಮುಗಿಸಿದ. ಹೆಡ್ ಮಾಸ್ತರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಮಗನ ಬಾಯಲ್ಲಿ ತಮ್ಮ ಹೆಸರನ್ನು ಅವರು ಹಿಂದೆ ಎಂದಾದರೂ ಕೇಳಿದ್ದರೋ ಇಲ್ಲವೋ...

ನನ್ನ ಹೆಸರೂ ಸಿಂಪಿಗರ ಹುಡುಗಿಯ ಹೆಸರೂ ಮತ್ತೆ ಹಾಜರಿಗೆ ಸೇರಿದವು. ಮಗನನ್ನೂ ಕಳಿಸು ಎಂದು ಹೆಡ್ ಮಾಸ್ತರೇ ಹೇಳಿದರಂತೆ. ಬಾಯಾರು ಒಪ್ಪಲಿಲ್ಲ. “ಅಲ್ಲಿ ಅವನ್ನ ಕೂಡಸ್ತಾರ, ಕಲಸೂದಿಲ್ಲ” ಎಂದು ಅವ್ವನ ಮುಂದೆ ಅಂದದ್ದು ನನಗೆ ನೆನಪಿದೆ. ಶಾಲೆ ಬಿಟ್ಟ ಕೂಡಲೇ ನಾನು ಹಿತ್ತಲಿಗೇ ಓಡುತ್ತಿದ್ದೆ. ಎರಡು ವರುಷದ ಮೇಲೆ ಹೆಡ್ ಮಾಸ್ತರಿಗೆ ದೂರದ ಊರಿಗೆ ವರ್ಗವಾಯಿತು. ಸಾಮಾನನ್ನು ಗದಗ ಸ್ಟೇಷನ್ನಿಗೆ ಮುಟ್ಟಿಸಿದ್ದು ನಮ್ಮಪ್ಪನ ಚಕ್ಕಡಿಯೇ. ಬಾಯಾರು ನನ್ನ ಗದ್ದ ಹಿಡಿದು, “ಯಾರರ ನಕ್ರ ಓದೂದು ನಿಲ್ಲಸಬ್ಯಾಡ” ಅಂದರು. ಅವರನ್ನು ನೋಡಿದ್ದು ಅದೇ ಕಡೆ.

ಎಷ್ಟೋ ವರುಷಗಳ ಮೇಲೆ ಒಂದು ಮದುವೆಗೆ ಸೊರಟೂರಿಗೆ ಹೋದವಳು ಅವರ ಮಗಳ ಮನೆ ಹುಡುಕಿಕೊಂಡು ಹೋದೆ. ಬಾಯಾರು ತೀರಿಕೊಂಡು ಆಗಲೇ ಬಹಳ ದಿನವಾಗಿತ್ತು. ಹೋದ ಊರಲ್ಲೆಲ್ಲ ತನ್ನ ಅವ್ವ ಇಂಥ ಮಕ್ಕಳಿಗೆ ಹಿತ್ತಲ ಬಾಗಿಲು ತೆರೆದೇ ಇಟ್ಟಿದ್ದಳು, ಅಪ್ಪ ಬೇಡ ಅನ್ನುವುದನ್ನು ಬಿಟ್ಟಿದ್ದ ಎಂದು ಮಗಳು ಹೇಳಿದಳು. ಕಟ್ಟೆಯ ಮೇಲೆ ಅವಳ ತಮ್ಮ ಕೂತು ಗುಡಿಯ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದ. ತಲೆ ನರೆತಿತ್ತು. ನನ್ನ ಗುರುತು ಹಿಡಿದ. ಕೇಳದೆಯೇ ಅವನೇ ಹೇಳಿದ, ತನ್ನ ಹೊತ್ತು ತಗೊಂಡು: “ಅವ್ವ ಹೋದ್ಲು... ನಾ ಇದ್ದೇನಿ.” ಗದ್ದ ಮೇಲೆತ್ತಿ ಹೇಳಿದ.

ಈಗ ಅವನೂ ಇಲ್ಲ. ಸಿಂಪಿಗರ ಹುಡುಗಿ ಎಲ್ಲಿದ್ದಾಳೋ ತಿಳಿಯದು. ನಾನು ಇವತ್ತಿಗೂ ಮುಂಜಾನೆ ಪೇಪರನ್ನು ಬೆರಳಿಟ್ಟೇ ಓದುತ್ತೇನೆ. ಮೊಮ್ಮಗ ಕೈಚಾಚಿಕೊಂಡು ನಿಂತಿರುತ್ತಾನೆ. ನನ್ನದು ಮುಗಿಯುವವರೆಗೆ ಕೊಡುವುದಿಲ್ಲ. ಕೆಲವು ದಿನ ಯಾವುದೋ ಕಷ್ಟದ ಸಾಲು ತಪ್ಪಿಲ್ಲದೆ ಮುಗಿಸಿದಾಗ, ಇದನ್ನು ಬಾಯಾರಿಗೆ ಕೇಳಿಸಬೇಕಿತ್ತು ಎಂದು ಅನ್ನಿಸುತ್ತದೆ. ಕೇಳಲು ಅವರಿಲ್ಲ. ಇಲ್ಲದಿದ್ದರೂ ನಾನು ಗಟ್ಟಿಯಾಗಿಯೇ ಓದುತ್ತೇನೆ.